ಬಯೋಮೆಡಿಕಲ್ ಎಂಜಿನಿಯರಿಂಗ್ ಓದುವುದು ಹೇಗೆ? ಸೇರುವ ಮುನ್ನದಿಂದ ಕೊನೆಯ ಪ್ರಾಜೆಕ್ಟ್‌ವರೆಗೆ

ಬಯೋಮೆಡಿಕಲ್ ಓದುವವರು ಮೊದಲ ವರ್ಷದಲ್ಲೇ ಎರಡೂ ಕಡೆಯಿಂದ ಚುಚ್ಚುಮಾತು ಕೇಳುತ್ತಾರೆ. ಎಲೆಕ್ಟ್ರಾನಿಕ್ಸ್ ಓದುವ ಗೆಳೆಯರು ‘ನಿಮಗೆ ಸರ್ಕ್ಯೂಟ್ ಅರ್ಧಂಬರ್ಧ’ ಎನ್ನುತ್ತಾರೆ. ವೈದ್ಯಕೀಯ ಓದುವವರು ‘ನಿಮಗೆ ದೇಹ ಅರ್ಧಂಬರ್ಧ’ ಎನ್ನುತ್ತಾರೆ. ಎರಡೂ ಅಷ್ಟೇನೂ ಸುಳ್ಳಲ್ಲ. ಮೂರು-ನಾಲ್ಕು ವರ್ಷದಲ್ಲಿ ಮೆಕ್ಯಾನಿಕ್ಸ್, ಸರ್ಕ್ಯೂಟ್, ರಸಾಯನಶಾಸ್ತ್ರ, ಫಿಸಿಯಾಲಜಿ (ದೇಹ ಕೆಲಸ ಮಾಡುವ ಬಗೆಯ ಶಾಸ್ತ್ರ), ಪ್ರೋಗ್ರಾಮಿಂಗ್ ಎಲ್ಲವನ್ನೂ ತುರುಕಿದ ಕೋರ್ಸ್ ಇದು. ಸಿಲಬಸ್ ಎಳೆದ ಕಡೆಗೆಲ್ಲ ಹೋದರೆ ಹತ್ತೂರಿನ ನೀರು ಕುಡಿದೂ ಒಂದೂರಿನ ದಾರಿಯೂ ಗೊತ್ತಿಲ್ಲದವರ ಹಾಗೆ ಹೊರಬೀಳುತ್ತೀರಿ.

ಇದಕ್ಕೆ ನಾನು ಕಂಡುಕೊಂಡ ಮದ್ದು ಒಂದೇ. ಎಂಜಿನಿಯರಿಂಗ್‌ನ ಒಂದು ವಿಷಯವನ್ನು ಬೆನ್ನೆಲುಬಾಗಿ ಹಿಡಿದು ಅದರಲ್ಲಿ ಆಳಕ್ಕಿಳಿಯಬೇಕು. ಉಳಿದದ್ದನ್ನೆಲ್ಲ ಪಕ್ಕೆಲುಬುಗಳ ಹಾಗೆ ಅದಕ್ಕೆ ಜೋಡಿಸಿಕೊಳ್ಳಬೇಕು. ಕೆಳಗಿನ ಹೆಜ್ಜೆಗಳೆಲ್ಲ ಇದೇ ದಾರಿಯವು.

ಹೆಜ್ಜೆ 1: ಇದು ಯಾವ ಓದು ಎಂಬುದನ್ನು ಸೇರುವ ಮುನ್ನ ತಿಳಿದುಕೊಳ್ಳಿ

ಡಾಕ್ಟರ್ ಆಗಲಿಕ್ಕೆ ಆಗಲಿಲ್ಲ, ಹತ್ತಿರದ್ದೇನಾದರೂ ಓದೋಣ ಎಂದು ಇಲ್ಲಿಗೆ ಬರುವವರು ತುಂಬ. ಬಂದ ಆರು ತಿಂಗಳಿಗೆ ಅವರಿಗೆ ಆಘಾತ. ಮೊದಲ ಎರಡು ವರ್ಷ ನಿಮ್ಮ ಮುಂದಿರುವುದು ರೋಗಿಗಳಲ್ಲ, ಅವಕಲ ಸಮೀಕರಣಗಳು (ಡಿಫರೆನ್ಶಿಯಲ್ ಈಕ್ವೇಶನ್). ಇದು ಮೊದಲು ಎಂಜಿನಿಯರಿಂಗ್, ಆಮೇಲೆ ಬಯೋಮೆಡಿಕಲ್. ಬಯೋಟೆಕ್ನಾಲಜಿ ಜೊತೆಗೂ ಇದನ್ನು ಕಲಸಿಕೊಳ್ಳಬೇಡಿ. ಅಲ್ಲಿ ಜೀವಕೋಶ, ಸೂಕ್ಷ್ಮಜೀವಿ, ಕಿಣ್ವಗಳಿಂದ ಕೆಲಸ ತೆಗೆಸುತ್ತಾರೆ. ಇಲ್ಲಿ ಹೆಚ್ಚಿನ ಪಾಲು ದೇಹವನ್ನು ಅಳೆಯುವ, ನೋಡುವ, ದೇಹಕ್ಕೆ ಆಸರೆಯಾಗುವ ಸಾಧನಗಳನ್ನು ಕಟ್ಟುವ ಕೆಲಸ.

ನಿಮಗಿದು ಒಗ್ಗುತ್ತದೋ ಇಲ್ಲವೋ ಎಂದು ನೋಡಲು ಒಂದು ಕಥೆ ಹೇಳುತ್ತೇನೆ. 1943ರಲ್ಲಿ, ಜರ್ಮನ್ನರ ವಶದಲ್ಲಿದ್ದ ನೆದರ್ಲ್ಯಾಂಡ್ಸ್‌ನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯ ಕಿಡ್ನಿ ಕೆಟ್ಟವರಿಗಾಗಿ ಒಂದು ಯಂತ್ರ ಕಟ್ಟಿದರು. ಸಾಸೇಜ್ ತುಂಬಲು ಬಳಸುವ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಉರುಳೆಯನ್ನು ಉಪ್ಪುದ್ರಾವಣದ ತೊಟ್ಟಿಯಲ್ಲಿ ತಿರುಗಿಸಿದರು. ಕೊಳವೆಯೊಳಗೆ ಹರಿಯುವ ರಕ್ತದಿಂದ ಯೂರಿಯಾ ಹೊರಗಿನ ದ್ರಾವಣಕ್ಕೆ ಸೋರಿಹೋಯಿತು. ಮೊದಮೊದಲ ರೋಗಿಗಳು ಉಳಿಯಲಿಲ್ಲ. 1945ರಲ್ಲಿ ಒಬ್ಬರು ಉಳಿದರು. ಇದನ್ನು ಓದಿ ನಿಮಗೆ ‘ಪಾಪ, ರೋಗಿಗಳು’ ಎಂದು ಮಾತ್ರ ಅನ್ನಿಸಿದರೆ ವೈದ್ಯಕೀಯವೇ ನಿಮಗೆ ಸರಿ. ‘ಕೊಳವೆ ಎಷ್ಟು ಉದ್ದವಿತ್ತು? ರಕ್ತ ಹೆಪ್ಪುಗಟ್ಟದ ಹಾಗೆ ಏನು ಮಾಡಿದರು?’ ಎಂಬ ಪ್ರಶ್ನೆಯೂ ಎದ್ದರೆ ಇಲ್ಲಿಗೆ ಬನ್ನಿ.

ವಿಶ್ವವಿದ್ಯಾಲಯ ಆರಿಸುವಾಗ ಕಟ್ಟಡದ ಫೋಟೋ ಬದಿಗಿಟ್ಟು ಸಿಲಬಸ್ ತೆರೆಯಿರಿ. ಮುಖ್ಯವಾಗಿ ನಾಲ್ಕು ಸಂಗತಿ ಹುಡುಕಿ. ವಾರಕ್ಕೆ ಲ್ಯಾಬ್ ಎಷ್ಟು ಗಂಟೆ? ಆಸ್ಪತ್ರೆಯೊಂದರ ಜೊತೆ ಒಡನಾಟ ಇದೆಯೇ, ಇದ್ದರೆ ವಿದ್ಯಾರ್ಥಿಗಳು ಒಳಗೆ ಹೋಗುತ್ತಾರೆಯೇ? ಮೂರನೇ ವರ್ಷಕ್ಕೆ ಒಂದು ಶಾಖೆಯಲ್ಲಿ ನಾಲ್ಕೈದು ಪೇಪರ್ ತೆಗೆದುಕೊಳ್ಳುವ ಅವಕಾಶ ಇದೆಯೇ? ಅಧ್ಯಾಪಕರು ಸದ್ಯ ಏನು ಸಂಶೋಧನೆ ಮಾಡುತ್ತಿದ್ದಾರೆ? ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ನಾನಾದರೆ ಎರಡು ಸಲ ಯೋಚಿಸುತ್ತೇನೆ. ಎಲ್ಲರಿಗೂ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸುವ ಕೋರ್ಸ್‌ಗಿಂತ, ಎಲೆಕ್ಟ್ರಾನಿಕ್ಸ್ ಅಥವಾ ಮೆಕ್ಯಾನಿಕಲ್ ಓದಿ ಸ್ನಾತಕೋತ್ತರದಲ್ಲಿ ಬಯೋಮೆಡಿಕಲ್‌ಗೆ ಬರುವುದು ಎಷ್ಟೋ ಮೇಲು. ಇದನ್ನು ಹೇಳಿದರೆ ನಮ್ಮವರಿಗೇ ಕೋಪ ಬರುತ್ತದೆ, ಇರಲಿ.

ಹೆಜ್ಜೆ 2: ಗಣಿತವನ್ನು ದೇಹದ ಜೊತೆಗೇ ಕಲಿಯಿರಿ

ಗಣಿತದ ತರಗತಿಯಲ್ಲಿ ದೇಹದ ಹೆಸರೇ ಬರುವುದಿಲ್ಲ. ಆ ಗಂಟು ನೀವೇ ಹಾಕಿಕೊಳ್ಳಬೇಕು.

ಅವಕಲ ಸಮೀಕರಣ ಬಂದಾಗ, ರಕ್ತದಲ್ಲಿ ಔಷಧಿಯ ಮಟ್ಟ ಗಂಟೆಗಂಟೆಗೂ ಹೇಗೆ ಇಳಿಯುತ್ತದೆ ಎಂದು ಬರೆದು ನೋಡಿ. ಎಷ್ಟಿದೆಯೋ ಅದಕ್ಕೆ ತಕ್ಕ ಹಾಗೆ ಕರಗುತ್ತದೆ ಎಂಬ ಒಂದೇ ಸಾಲಿನಿಂದ ಘಾತೀಯ ವಕ್ರ ಹುಟ್ಟುತ್ತದೆ. ಸರ್ಕ್ಯೂಟ್ ಕ್ಲಾಸಿನಲ್ಲಿ ಕೆಪ್ಯಾಸಿಟರ್ ಖಾಲಿಯಾಗುವ ವಕ್ರವೂ ಅದೇ. ಹೃದಯ ಸಂಕುಚಿಸಿದಾಗ ಮಹಾಪಧಮನಿ ಹಿಗ್ಗಿ ರಕ್ತ ತುಂಬಿಕೊಂಡು, ಹೃದಯ ಸಡಿಲಿದಾಗ ಅದನ್ನು ನಿಧಾನವಾಗಿ ಮುಂದಕ್ಕೆ ತಳ್ಳುವುದೂ ಅದೇ ವಕ್ರ. ಧಮನಿಯ ಹಿಗ್ಗುವ ಗುಣವೇ ಕೆಪ್ಯಾಸಿಟರ್, ಸಣ್ಣ ರಕ್ತನಾಳಗಳ ತಡೆಯೇ ರೆಸಿಸ್ಟರ್. ವಿಂಡ್‌ಕೆಸೆಲ್ ಎಂಬ ಈ ಮಾದರಿಯನ್ನು ಓಟೋ ಫ್ರಾಂಕ್ 1899ರಲ್ಲೇ ಗಣಿತಕ್ಕೆ ಇಳಿಸಿದ್ದರು. ಮೂರು ಕ್ಲಾಸಿನಲ್ಲಿ ಮೂರು ಸಲ ಕಲಿಯುವುದನ್ನು ಒಂದೇ ಸಲ ಕಲಿತ ಹಾಗಾಯಿತು.

ರೇಖೀಯ ಬೀಜಗಣಿತವನ್ನು ಸಿಟಿ ಸ್ಕ್ಯಾನ್ ಜೊತೆ ಕಟ್ಟಿ. ಕಾಗದದ ಮೇಲೆ ಎರಡು ಸಾಲು, ಎರಡು ಕಂಬಸಾಲಿನ ಒಂದು ಚೌಕ ಬರೆದು, ನಾಲ್ಕು ಮನೆಗಳಲ್ಲಿ ನಾಲ್ಕು ಅಂಕಿ ತುಂಬಿ ಗೆಳೆಯರಿಂದ ಮುಚ್ಚಿಡಿ. ಅಡ್ಡಸಾಲು, ಕಂಬಸಾಲು ಮತ್ತು ಕರ್ಣಗಳ ಮೊತ್ತವನ್ನಷ್ಟೇ ಹೇಳಿ. ಅವರು ಒಳಗಿನ ಅಂಕಿ ಕಂಡುಹಿಡಿದರೆ ಸಿಟಿ ಯಂತ್ರದ ತಿರುಳು ಅವರಿಗೆ ಸಿಕ್ಕಿತು. ಎಕ್ಸ್-ರೇ ಒಂದು ದಾರಿಯುದ್ದಕ್ಕೂ ಎಷ್ಟು ಕುಗ್ಗಿತು ಎಂಬ ಮೊತ್ತಗಳಿಂದ ಒಳಗಿನ ಚಿತ್ರ ತೆಗೆಯುವುದೇ ಆ ಯಂತ್ರದ ಕೆಲಸ. ಇದರ ಹಿಂದಿನ ಗಣಿತವನ್ನು ಯೋಹಾನ್ ರೇಡಾನ್ 1917ರಲ್ಲಿ ಬಿಡಿಸಿಟ್ಟಿದ್ದರು. ರೋಗಿಯೊಬ್ಬರ ಮೊದಲ ಸ್ಕ್ಯಾನ್ ಆದದ್ದು 1971ರಲ್ಲಿ. ಈ ಯಂತ್ರಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ನೊಬೆಲ್ ಬಂದದ್ದು 1979ರಲ್ಲಿ.

ಸಿಗ್ನಲನ್ನು ಬೇರೆ ಬೇರೆ ಆವರ್ತನದ ಅಲೆಗಳಾಗಿ ಬಿಡಿಸುವ ಫೂರಿಯೆ ವಿಧಾನವನ್ನು ಬಿಟ್ಟರೆ ಸಿಗ್ನಲ್ ಮತ್ತು ಎಂಆರ್‌ಐ ಎರಡೂ ಕೈತಪ್ಪುತ್ತವೆ. ಸಂಖ್ಯಾಶಾಸ್ತ್ರದ ಮಾತು ಮುಂದೆ ಬರುತ್ತದೆ. ಪ್ರೋಗ್ರಾಮಿಂಗ್‌ಗೆ ಪೈಥಾನ್ ಸಾಕು. ಕಾಲೇಜಿನಲ್ಲಿ ಮ್ಯಾಟ್‌ಲ್ಯಾಬ್ ಹೇಳಿಕೊಟ್ಟರೆ ಅದನ್ನೂ ಕಲಿಯಿರಿ, ಒಂದು ಬಂದರೆ ಇನ್ನೊಂದಕ್ಕೆ ಹೆಚ್ಚು ದಿನ ಬೇಡ.

ಹೆಜ್ಜೆ 3: ಫಿಸಿಯಾಲಜಿಯನ್ನು ಎಂಜಿನಿಯರ್ ಹಾಗೆ ಓದಿ

ವೈದ್ಯಕೀಯ ವಿದ್ಯಾರ್ಥಿಗಳ ದಪ್ಪ ಪುಸ್ತಕ ತಂದು ಬಾಯಿಪಾಠ ಮಾಡಲು ಕೂರಬೇಡಿ. ಅವರ ಓದಿನ ಉದ್ದೇಶ ಬೇರೆ. ಅಂಗರಚನೆಯಲ್ಲಿ ದಿಕ್ಕು ಹೇಳುವ ಪದಗಳು, ಮುಖ್ಯ ಅಂಗಗಳ ಜಾಗ, ದೊಡ್ಡ ರಕ್ತನಾಳ ಮತ್ತು ನರಗಳು, ನೀವು ಆರಿಸುವ ಶಾಖೆಗೆ ಬೇಕಾದ ಭಾಗ, ಇಷ್ಟು ಗಟ್ಟಿಯಿದ್ದರೆ ಸಾಕು. ಫಿಸಿಯಾಲಜಿಯಲ್ಲಿ ಮಾತ್ರ ಜಿಪುಣತನ ಬೇಡ. ಪ್ರತಿಯೊಂದು ಅಂಗಕ್ಕೂ ಇದೇ ಪ್ರಶ್ನೆಗಳನ್ನು ಕೇಳಿ: ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ, ಅದನ್ನು ಹದ್ದುಬಸ್ತಿನಲ್ಲಿ ಇಡುವುದು ಯಾವುದು, ಚರ್ಮ ಕೊಯ್ಯದೆ ಇದನ್ನು ಅಳೆಯಬಹುದೇ?

ಹೃದಯವನ್ನೇ ತೆಗೆದುಕೊಳ್ಳಿ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 70 ಬಡಿತ. ಗುಣಿಸಿದರೆ ನಿಮಿಷಕ್ಕೆ ಐದು ಲೀಟರ್ ಹತ್ತಿರ. ದೇಹದಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಎಲ್ಲ ರಕ್ತವೂ ನಿಮಿಷಕ್ಕೊಂದು ಸುತ್ತು ಬಂದ ಲೆಕ್ಕ. ಈ ರೀತಿ ಬಾಯಿಲೆಕ್ಕ ಮಾಡುವ ಅಭ್ಯಾಸ ಇಟ್ಟುಕೊಂಡರೆ ಪಾಠ ತಲೆಯಲ್ಲಿ ಉಳಿಯುತ್ತದೆ. ಇನ್ನೂ ಒಂದು: ಕೊಳವೆಯಲ್ಲಿ ದ್ರವದ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಇರುತ್ತದೆ ಎಂಬುದು ಪ್ವಾಜೊಯ್ ನಿಯಮ. ಪ್ವಾಜೊಯ್ ವೈದ್ಯಕೀಯ ಓದಿದವರು. ರಕ್ತದ ಹರಿವಿನ ಕುತೂಹಲದಿಂದಲೇ ಸಪೂರ ಗಾಜಿನ ಕೊಳವೆಗಳಲ್ಲಿ ಪ್ರಯೋಗ ಮಾಡಿದವರು. ರಕ್ತನಾಳದ ತ್ರಿಜ್ಯ ಅರ್ಧಕ್ಕೆ ಇಳಿದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಭಾಗಕ್ಕೆ ಕುಸಿಯುತ್ತದೆ. ದೇಹ ರಕ್ತನಾಳವನ್ನು ಕೊಂಚವೇ ಬಿಗಿಮಾಡಿ ರಕ್ತವನ್ನು ಒಂದು ಅಂಗದಿಂದ ಇನ್ನೊಂದಕ್ಕೆ ತಿರುಗಿಸುವ ಗುಟ್ಟು ಇದರಲ್ಲಿದೆ.

ಒಂದು ಎಚ್ಚರಿಕೆ. ಈ ನಿಯಮ ಗಟ್ಟಿಯಾದ ನೇರ ಕೊಳವೆಗೆ, ಒಂದೇ ಸಮ ಹರಿವಿಗೆ, ನೀರಿನಂಥ ದ್ರವಕ್ಕೆ. ರಕ್ತನಾಳ ಹಿಗ್ಗುತ್ತದೆ, ಹರಿವು ಮಿಡಿಯುತ್ತದೆ, ರಕ್ತ ನೀರಿನ ಹಾಗೆ ನಡೆದುಕೊಳ್ಳುವುದಿಲ್ಲ. ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಪುಸ್ತಕದ ಅಂಚಿನಲ್ಲಿ ಬರೆದಿಡಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗದಿರಬಹುದು, ಪ್ರಾಜೆಕ್ಟ್‌ನಲ್ಲಿ ಮಾನ ಉಳಿಯುತ್ತದೆ.

ಹೆಜ್ಜೆ 4: ಎರಡನೇ ವರ್ಷ ಮುಗಿಯುವ ಹೊತ್ತಿಗೆ ಬೆನ್ನೆಲುಬು ಆರಿಸಿ

ಶಾಖೆಗಳ ಪಟ್ಟಿ ನೋಡಿ ಮರುಳಾಗಬೇಡಿ. ಹೆಸರುಗಳು ಚೆಂದ ಇರುತ್ತವೆ, ಅಡಿಯಲ್ಲಿ ಬೇಕಾಗುವುದು ಕೆಲವೇ ಮೂಲ ವಿದ್ಯೆಗಳು. ಉಪಕರಣ, ಸಿಗ್ನಲ್, ನರಮಂಡಲಕ್ಕೆ ಸಂಬಂಧಿಸಿದ ಸಾಧನಗಳಿಗೆ ಎಲೆಕ್ಟ್ರಾನಿಕ್ಸ್ ಬೇಕು. ಕೃತಕ ಕೀಲು, ಕೃತಕ ಕಾಲು, ನಡಿಗೆಯ ಅಧ್ಯಯನಕ್ಕೆ ಮೆಕ್ಯಾನಿಕ್ಸ್ ಬೇಕು. ದೇಹದೊಳಗೆ ಇಡುವ ಇಂಪ್ಲಾಂಟ್‌ಗೆ ಲೋಹ, ಪಾಲಿಮರ್, ಸೆರಾಮಿಕ್‌ಗಳ ವಿದ್ಯೆ. ಇಮೇಜಿಂಗ್‌ಗೆ ಭೌತಶಾಸ್ತ್ರದ ಜೊತೆ ಗಣಿತ. ಅಂಗಾಂಶ ಬೆಳೆಸುವ ಕೆಲಸಕ್ಕೆ ಜೀವಕೋಶ ವಿಜ್ಞಾನ; ಅದಕ್ಕೆ ಮುಂದೆ ಪಿಎಚ್‌ಡಿವರೆಗೂ ಹೋಗುವ ಮನಸ್ಸಿದ್ದರೆ ಒಳ್ಳೆಯದು.

ವಸ್ತುವಿಜ್ಞಾನ ಒಣ ವಿಷಯ ಎಂದು ಬಹಳ ಜನ ದೂರ ಇಡುತ್ತಾರೆ. ನನಗೆ ಇಡೀ ಕೋರ್ಸಿನಲ್ಲಿ ರುಚಿ ಹತ್ತಿದ್ದು ಅದರಲ್ಲೇ. ಮುರಿದ ಮೂಳೆಗೆ ಸ್ಟೀಲ್ ಪ್ಲೇಟ್ ಹಾಕುತ್ತಾರೆ. ಸ್ಟೀಲಿನ ಬಿಗುತನ ಸುಮಾರು 200 ಗಿಗಾಪ್ಯಾಸ್ಕಲ್, ಟೈಟಾನಿಯಂನದು 110ರ ಆಸುಪಾಸು, ಗಟ್ಟಿಮೂಳೆಯದು 15ರಿಂದ 20. ಪಕ್ಕಪಕ್ಕದಲ್ಲಿದ್ದರೆ ಭಾರದ ಹೆಚ್ಚಿನ ಪಾಲನ್ನು ಬಿಗಿಯಾದದ್ದೇ ಹೊರುತ್ತದೆ. ಕೆಲಸವಿಲ್ಲದ ಮೂಳೆ ತನ್ನನ್ನು ತಾನೇ ಕರಗಿಸಿಕೊಂಡು ಸೊರಗುತ್ತದೆ. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂಬ ಎಂಜಿನಿಯರ್ ಬುದ್ಧಿಗೆ ದೇಹ ಕೊಡುವ ಮೊದಲ ಏಟು ಇದು. ಇನ್ನೊಂದು ಪ್ರಸಂಗ: ಎರಡನೇ ಮಹಾಯುದ್ಧದಲ್ಲಿ ವಿಮಾನದ ಮೇಲ್ಮುಚ್ಚಿಗೆಯ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಆ ಚೂರುಗಳ ಸುತ್ತ ಕಣ್ಣು ಕೆರಳಿರಲಿಲ್ಲ ಎಂಬುದನ್ನು ನೇತ್ರವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಅದೇ ಬಗೆಯ ಅಕ್ರಿಲಿಕ್‌ನಿಂದ ಮಾಡಿಸಿದ ಲೆನ್ಸನ್ನು ಪೊರೆ ತೆಗೆದ ಕಣ್ಣಿನೊಳಗೆ ಇಟ್ಟರು. ಇವತ್ತು ಪೊರೆಯ ಆಪರೇಷನ್ ಮಾಡಿಸಿಕೊಂಡವರ ಕಣ್ಣಿನಲ್ಲಿರುವ ಲೆನ್ಸ್‌ನ ವಂಶ ಅಲ್ಲಿಂದ ಶುರು.

ಆರಿಸುವುದು ಹೇಗೆ? ಯಾವ ವಿಷಯದ ಕಷ್ಟದ ಲೆಕ್ಕ ಬಿಡಿಸಲು ಕುಳಿತಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲವೋ ಅದನ್ನು. ‘ಈಗ ಯಾವುದಕ್ಕೆ ಬೇಡಿಕೆ ಇದೆ’ ಎಂದು ಕೇಳಿ ಆರಿಸಿದವರು ಓದು ಮುಗಿಸುವಷ್ಟರಲ್ಲಿ ಬೇಡಿಕೆ ಬೇರೆ ಕಡೆ ಹೊರಳಿರುತ್ತದೆ. ಆರಿಸಿದ ಮೇಲೆ ಆ ಮೂಲ ವಿಭಾಗದ ವಿದ್ಯಾರ್ಥಿಗಳು ಓದುವ ಪೇಪರನ್ನೇ ಅವರ ಜೊತೆ ಕೂತು ಓದಿ. ನಮಗಾಗಿ ಹಗುರ ಮಾಡಿಕೊಟ್ಟ ಪೇಪರ್ ಸಾಲದು.

ಹೆಜ್ಜೆ 5: ಇಸಿಜಿ ಸರ್ಕ್ಯೂಟ್ ಒಂದನ್ನು ನಿಮ್ಮ ಕೈಯಾರೆ ಕಟ್ಟಿ

ಯಾವ ಶಾಖೆಯವರೇ ಆಗಲಿ, ಇದೊಂದನ್ನು ಮಾಡಲೇಬೇಕು. ಇಡೀ ಕೋರ್ಸ್ ಒಂದು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸುವ ಹಲಗೆ) ಮೇಲೆ ಇಳಿದು ಬರುತ್ತದೆ.

ಮೊದಲು ಸುರಕ್ಷತೆ. ಸರ್ಕ್ಯೂಟ್ ಬ್ಯಾಟರಿಯಲ್ಲೇ ನಡೆಯಬೇಕು. ಲ್ಯಾಪ್‌ಟಾಪ್‌ಗೆ ಜೋಡಿಸುವುದಾದರೆ ಚಾರ್ಜರ್ ಕಿತ್ತಿಡಿ, ಇಲ್ಲವೇ ಬ್ಲೂಟೂತ್‌ನಲ್ಲಿ ಕಳಿಸಿ. ಗೋಡೆಯ ಪ್ಲಗ್‌ನಿಂದ ನಡೆಯುವ ಆಸಿಲೋಸ್ಕೋಪ್ ಹಚ್ಚಿರುವಾಗ ಎಲೆಕ್ಟ್ರೋಡ್ ಯಾರ ಮೈಮೇಲೂ ಇರಬಾರದು. ಮೊದಲು ಸಿಮ್ಯುಲೇಟರ್ ಸಿಗ್ನಲ್ ಕೊಟ್ಟು ಪರೀಕ್ಷಿಸಿ, ಅಧ್ಯಾಪಕರು ನೋಡಿ ಒಪ್ಪಿದ ಮೇಲೆ ಮನುಷ್ಯರ ಮೈ. ಕೈಗೆ ತಾಗಿದ ಕರೆಂಟು ಗೊತ್ತಾಗಲು ಒಂದು ಮಿಲಿಆಂಪಿಯರ್ ಹತ್ತಿರ ಬೇಕು. ಹೃದಯಕ್ಕೆ ನೇರವಾಗಿ ಸೇರುವ ಸಾಧನಗಳಿಗೆ ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತೆಯ ಐಇಸಿ 60601-1 ಮಾನದಂಡವು ಸಾಮಾನ್ಯ ಸ್ಥಿತಿಯಲ್ಲಿ ಬಿಡುವ ಸೋರಿಕೆ 10 ಮೈಕ್ರೋಆಂಪಿಯರ್ ಮಾತ್ರ, ಅಂದರೆ ಅದರ ನೂರನೇ ಒಂದು ಪಾಲು. ಕೈಗೆ ಚುರ್ ಎನ್ನದ ಕರೆಂಟು ಹೃದಯವನ್ನು ನಿಲ್ಲಿಸಬಲ್ಲದು ಎಂಬುದನ್ನು ಈ ಎರಡು ಅಂಕಿಗಳಿಂದ ನೆನಪಿಡಿ.

ಈಗ ಸಮಸ್ಯೆ. ಚರ್ಮದ ಮೇಲೆ ಸಿಗುವ ಇಸಿಜಿ ಸುಮಾರು ಒಂದು ಮಿಲಿವೋಲ್ಟ್. ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ಸ್ಥಿರ ವೋಲ್ಟೇಜ್ 300 ಮಿಲಿವೋಲ್ಟ್‌ವರೆಗೂ ಇರಬಹುದು. ಇದರ ಮೇಲೆ ಸುತ್ತಲಿನ ವೈರಿಂಗ್‌ನಿಂದ ಮೈ ಹಿಡಿದುಕೊಳ್ಳುವ 50 ಅಥವಾ 60 ಹರ್ಟ್ಜ್ ಗುಂಯ್‌ಗುಡುವಿಕೆ. ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಳ್ಳಬೇಕು.

ಹೊಸಬರು ಮಾಡುವ ತಪ್ಪು ಗೊತ್ತೇ? ಸಿಗ್ನಲ್ ಚಿಕ್ಕದು, ಆದ್ದರಿಂದ ಮೊದಲ ಹಂತದಲ್ಲೇ ಸಾವಿರಪಟ್ಟು ವರ್ಧಿಸೋಣ ಎನ್ನುತ್ತಾರೆ. 300 ಮಿಲಿವೋಲ್ಟನ್ನು ಸಾವಿರದಿಂದ ಗುಣಿಸಿ ನೋಡಿ, 300 ವೋಲ್ಟ್! ನಿಮ್ಮ ಬ್ಯಾಟರಿ 9 ವೋಲ್ಟಿನದು. ಔಟ್‌ಪುಟ್ ಮೇಲ್ತುದಿಗೆ ಅಂಟಿಕೊಂಡು ಕೂರುತ್ತದೆ, ವಿದ್ಯಾರ್ಥಿ ರಾತ್ರಿಯಿಡೀ ವೈರು ಬದಲಿಸುತ್ತಾನೆ. ಸರಿಯಾದ ಕ್ರಮ ಹೀಗೆ: ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫೈಯರ್‌ನಲ್ಲಿ ಐದರಿಂದ ಹತ್ತು ಪಟ್ಟು ಮಾತ್ರ, ಎರಡೂ ಎಲೆಕ್ಟ್ರೋಡ್‌ಗೆ ಸಮನಾಗಿ ಬರುವ ಗದ್ದಲ ಅಲ್ಲೇ ಕಳೆದುಹೋಗುತ್ತದೆ. ಆಮೇಲೆ ನಿಧಾನದ ಏರಿಳಿತಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಇಟ್ಟು ಸ್ಥಿರ ವೋಲ್ಟೇಜ್ ಕಳೆಯಿರಿ. ಅದರ ನಂತರ ಉಳಿದ ನೂರುಪಟ್ಟು. ಕೊನೆಗೆ 150 ಹರ್ಟ್ಜ್ ಸುತ್ತಮುತ್ತ, ಅದಕ್ಕಿಂತ ವೇಗದ್ದನ್ನು ತಡೆಯುವ ಲೋಪಾಸ್ ಫಿಲ್ಟರ್. ಬಲಗಾಲಿಗೆ ಗದ್ದಲದ ತಲೆಕೆಳಗಾದ ರೂಪವನ್ನು, ದೊಡ್ಡ ರೆಸಿಸ್ಟರ್ ಮೂಲಕ, ಮರಳಿಸಿದರೆ ಗುಂಯ್‌ಗುಡುವಿಕೆ ಇನ್ನೂ ತಗ್ಗುತ್ತದೆ. ಇಷ್ಟಾದರೂ ಸಿಗ್ನಲ್ ಚೆನ್ನಾಗಿಲ್ಲದಿದ್ದರೆ ಸರ್ಕ್ಯೂಟ್ ಬೈಯುವ ಮುನ್ನ ಚರ್ಮ ಒರೆಸಿ, ಹೊಸ ಜೆಲ್ ಎಲೆಕ್ಟ್ರೋಡ್ ಅಂಟಿಸಿ. ನಾನು ಕಂಡಂತೆ ಹತ್ತರಲ್ಲಿ ಆರೇಳು ಸಲ ರೋಗ ಅಲ್ಲೇ ಇರುತ್ತದೆ.

ನಾನು ಮಾಡಿದ ತಪ್ಪು ಇನ್ನೂ ಚೆಂದದ್ದು. ಉಸಿರಾಟಕ್ಕೆ ಮೇಲೆ ಕೆಳಗೆ ತೇಲುತ್ತಿದ್ದ ಗೆರೆಯನ್ನು ನೆಟ್ಟಗೆ ಮಾಡಲು ಹೈಪಾಸ್ ಫಿಲ್ಟರನ್ನು 1 ಹರ್ಟ್ಜ್‌ಗೆ ಏರಿಸಿದೆ. ಗೆರೆ ಪುಸ್ತಕದ ಚಿತ್ರದ ಹಾಗೆ ಬಂತು. ಹೆಮ್ಮೆಯಿಂದ ಒಬ್ಬ ಹೃದ್ರೋಗ ವೈದ್ಯರ ಮುಂದೆ ಹಿಡಿದೆ. ಅವರು ನೋಡಿ, “ಎಸ್‌ಟಿ ಭಾಗ ಎಲ್ಲಪ್ಪಾ? ಹಾರ್ಟ್ ಅಟ್ಯಾಕ್ ನಾನು ಅಲ್ಲೇ ನೋಡೋದು” ಅಂದರು. ಬಡಿತದ ನಂತರದ ಆ ನಿಧಾನದ ಭಾಗ ಏರಿದೆಯೋ ಇಳಿದಿದೆಯೋ ಎಂಬುದರಲ್ಲೇ ಅವರ ತೀರ್ಮಾನ ಇರುವುದು, ನನ್ನ ಫಿಲ್ಟರ್ ಅದನ್ನೇ ತಿರುಚಿತ್ತು. ರೋಗ ಪತ್ತೆಗೆ ಬಳಸುವ ಇಸಿಜಿಯಲ್ಲಿ ಕೆಳಮಿತಿ 0.05 ಹರ್ಟ್ಜ್‌ನಷ್ಟು ಕೆಳಗೆ ಇರುವುದು ಇದಕ್ಕೇ. ಹಾಸಿಗೆ ಪಕ್ಕದ ಮಾನಿಟರ್‌ನಲ್ಲಿ 0.5 ಹರ್ಟ್ಜ್ ಇಟ್ಟಿರುತ್ತಾರೆ, ಅಲ್ಲಿ ಬಡಿತದ ಲಯ ಕಂಡರೆ ಸಾಕು. ಒಂದೇ ಸಿಗ್ನಲ್, ಎರಡು ಉಪಯೋಗ, ಎರಡು ಫಿಲ್ಟರ್.

ಸರ್ಕ್ಯೂಟ್ ಕೈಕೊಟ್ಟು ಬೇಸರವಾದಾಗ ಇಸಿಜಿ ಯಂತ್ರ ಕಟ್ಟಿದ ಐಂಥೋವನ್ ಅವರನ್ನು ನೆನೆಯಿರಿ. ಇಪ್ಪತ್ತನೇ ಶತಮಾನದ ಆರಂಭದ ಅವರ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು, ಪರೀಕ್ಷೆಗೆ ಒಳಗಾದವರು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರುತ್ತಿದ್ದರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಅಲೆಗಳಿಗೆ ಅವರು ಕೊಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳೇ ನಿಮ್ಮ ಬ್ರೆಡ್‌ಬೋರ್ಡಿನಲ್ಲೂ ಮೂಡುತ್ತವೆ.

ಹೆಜ್ಜೆ 6: ಡೇಟಾ ಜೊತೆ ಪ್ರಾಮಾಣಿಕವಾಗಿರಿ

ಕಟ್ಟಿದ್ದಾಯಿತು, ಈಗ ಲೆಕ್ಕ. ಫಿಸಿಯೋನೆಟ್ ತಾಣದಲ್ಲಿ ಎಂಐಟಿ-ಬಿಐಎಚ್ ಎಂಬ ಇಸಿಜಿ ಸಂಗ್ರಹ ಉಚಿತವಾಗಿ ಸಿಗುತ್ತದೆ: 47 ಜನರಿಂದ ತೆಗೆದ ಅರ್ಧರ್ಧ ಗಂಟೆಯ 48 ದಾಖಲೆ, ಸೆಕೆಂಡಿಗೆ 360 ಮಾದರಿ, ಪ್ರತಿ ಬಡಿತಕ್ಕೂ ತಜ್ಞರ ಗುರುತು. 1985ರಲ್ಲಿ ಪ್ರಕಟವಾದ ಪ್ಯಾನ್–ಟಾಂಪ್ಕಿನ್ಸ್ ವಿಧಾನದಿಂದ ಬಡಿತ ಗುರುತಿಸುವ ಪ್ರೋಗ್ರಾಂ ಮೊದಲು ಬರೆಯಿರಿ. ಫಿಲ್ಟರ್, ವ್ಯುತ್ಪನ್ನ, ವರ್ಗ, ಸರಾಸರಿ, ಮಿತಿ, ಇಷ್ಟೇ ಹಂತ. ಇದು ಕೈಗೆ ಹತ್ತಿದ ಮೇಲೆ ಮಷೀನ್ ಲರ್ನಿಂಗ್ ಮುಟ್ಟಿ.

ಅಲ್ಲಿ ಒಂದು ಗುಂಡಿ ಇದೆ, ಪ್ರತಿ ವರ್ಷವೂ ಯಾರಾದರೂ ಬೀಳುತ್ತಾರೆ. ಎಲ್ಲ ಬಡಿತಗಳನ್ನೂ ಕಲಸಿ ಒಂದಷ್ಟನ್ನು ಕಲಿಕೆಗೆ, ಉಳಿದದ್ದನ್ನು ಪರೀಕ್ಷೆಗೆ ಇಟ್ಟರೆ ನಿಖರತೆ ಶೇ 99 ಎಂದು ಬರುತ್ತದೆ. ಒಬ್ಬರದೇ ಹೃದಯದ ಬಡಿತಗಳು ಎರಡೂ ಕಡೆ ಸೇರಿಕೊಂಡಿರುವುದರಿಂದ ಪ್ರೋಗ್ರಾಂ ರೋಗವನ್ನು ಕಲಿಯದೆ ಮನುಷ್ಯರನ್ನು ಗುರುತು ಹಿಡಿಯುತ್ತಿರುತ್ತದೆ. ವಿಂಗಡಣೆ ಜನರ ಲೆಕ್ಕದಲ್ಲಿ ಆಗಬೇಕು, ಬಡಿತದ ಲೆಕ್ಕದಲ್ಲಲ್ಲ. ಹಾಗೆ ಮಾಡಿದಾಗ ನಿಖರತೆ ಇಳಿಯುತ್ತದೆ. ಇಳಿಯಲಿ, ಅದೇ ನಿಜ.

ಸಂಖ್ಯಾಶಾಸ್ತ್ರದ ಮಾತಿಗೆ ಬಂದರೆ, ಈ ಲೆಕ್ಕ ಮಾಡದೆ ಯಾರೂ ಪದವಿ ಪಡೆಯಬಾರದು. ಹತ್ತು ಸಾವಿರ ಜನರಲ್ಲಿ ಹತ್ತು ಮಂದಿಗೆ ಒಂದು ರೋಗ ಇದೆ ಎನ್ನಿ. ನಿಮ್ಮ ಸಾಧನ ರೋಗ ಇರುವವರಲ್ಲಿ ಶೇ 99 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 95 ಮಂದಿಗೆ ‘ಇಲ್ಲ’ ಎನ್ನುತ್ತದೆ. ಕೇಳಲು ಭರ್ಜರಿ. ಆದರೆ ರೋಗವಿಲ್ಲದ 9,990 ಜನರಲ್ಲಿ ಶೇ 5 ಅಂದರೆ ಸುಮಾರು 500 ಸುಳ್ಳು ಎಚ್ಚರಿಕೆ. ಸಾಧನ ಕೂಗಿದ 510 ಸಲದಲ್ಲಿ ನಿಜವಾದದ್ದು ಹತ್ತು. ನರ್ಸ್‌ಗಳು ಅಲಾರಂ ಶಬ್ದ ಕೇಳಿಯೂ ತಲೆಯೆತ್ತದಿರುವುದು ಸೋಮಾರಿತನದಿಂದಲ್ಲ.

ಯಾರ ಮೈಮೇಲೆ ಪರೀಕ್ಷಿಸಿದ್ದೀರಿ ಎಂಬುದನ್ನೂ ಬರೆದಿಡಿ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 660 ನ್ಯಾನೊಮೀಟರ್ ಸುತ್ತಿನ ಕೆಂಪು ಮತ್ತು 940 ಸುತ್ತಿನ ಅತಿಗೆಂಪು ಬೆಳಕಿನಿಂದ ಆಮ್ಲಜನಕ ಅಳೆಯುತ್ತದೆ. ಕಪ್ಪು ಚರ್ಮದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಿ ಆಮ್ಲಜನಕದ ಕೊರತೆಯನ್ನು ಮರೆಮಾಚಬಹುದು ಎಂಬುದು 2020ರಲ್ಲಿ ಬಂದ ಅಧ್ಯಯನವೊಂದರಿಂದ ಮತ್ತೆ ದೊಡ್ಡ ಚರ್ಚೆಯಾಯಿತು.

ಹೆಜ್ಜೆ 7: ಆಸ್ಪತ್ರೆಗೆ ಹೋಗಿ, ಬಾಯಿ ಮುಚ್ಚಿ ನೋಡಿ

ಅನುಮತಿ ಪಡೆದು, ಕನಿಷ್ಠ ನಾಲ್ಕೈದು ದಿನ. ಮೊದಲ ದಿನ ಏನನ್ನೂ ಸುಧಾರಿಸಲು ಹೊರಡಬೇಡಿ. ವೈದ್ಯರಿಗಿಂತ ನರ್ಸ್‌ಗಳ, ಟೆಕ್ನೀಶಿಯನ್‌ಗಳ ಹತ್ತಿರ ಹೆಚ್ಚು ಹೊತ್ತು ಇರಿ. ಯಂತ್ರದ ಜೊತೆ ಇಡೀ ದಿನ ಏಗುವವರು ಅವರು. ಎಲ್ಲೆಲ್ಲಿ ಟೇಪ್ ಸುತ್ತಿದ್ದಾರೆ, ಎಲ್ಲಿ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾರೆ, ಯಾವ ಗುಂಡಿಯನ್ನು ಎರಡು ಸಲ ಒತ್ತುತ್ತಾರೆ, ಯಾವ ಅಲಾರಂ ಬಂದ ತಕ್ಷಣ ಆರಿಸುತ್ತಾರೆ, ಇವನ್ನು ಬರೆದುಕೊಳ್ಳಿ. ವಿನ್ಯಾಸ ಸೋತ ಜಾಗಗಳಲ್ಲೇ ಟೇಪ್ ಬರುತ್ತದೆ. ರೋಗಿಯ ಹೆಸರು, ಮುಖ, ಫೈಲ್ ಯಾವುದೂ ನಿಮ್ಮ ಪುಸ್ತಕಕ್ಕಾಗಲಿ ಫೋನಿಗಾಗಲಿ ಬರಕೂಡದು.

ಹೋಗುವ ಮುನ್ನ ಥೆರಾಕ್-25 ಪ್ರಕರಣ ಓದಿಕೊಂಡು ಹೋಗಿ. ಕ್ಯಾನ್ಸರ್‌ಗೆ ವಿಕಿರಣ ಕೊಡುವ ಈ ಯಂತ್ರ 1985ರಿಂದ 1987ರ ನಡುವೆ ಕನಿಷ್ಠ ಆರು ಜನರಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಹಿಂದಿನ ಮಾದರಿಗಳಲ್ಲಿದ್ದ ಯಾಂತ್ರಿಕ ಬೀಗಗಳನ್ನು ತೆಗೆದು ಎಲ್ಲವನ್ನೂ ಸಾಫ್ಟ್‌ವೇರ್‌ಗೆ ಬಿಟ್ಟಿದ್ದರು. ಕೈ ಪಳಗಿದ ಆಪರೇಟರ್ ತಪ್ಪಾಗಿ ಒತ್ತಿದ ಅಕ್ಷರವನ್ನು ಕೆಲವೇ ಸೆಕೆಂಡಿನಲ್ಲಿ ತಿದ್ದಿದರೆ ಪರದೆ ಒಂದು ಹೇಳುತ್ತಿತ್ತು, ಯಂತ್ರ ಇನ್ನೊಂದು ಸ್ಥಿತಿಯಲ್ಲಿರುತ್ತಿತ್ತು. ಪರದೆಯ ಮೇಲೆ ಬರುತ್ತಿದ್ದದ್ದು ‘ಮಾಲ್‌ಫಂಕ್ಷನ್ 54’ ಎಂಬ ಅರ್ಥವಾಗದ ಸಾಲು. ಇಂಥ ಸಂದೇಶಗಳಿಗೆ ಒಗ್ಗಿಹೋಗಿದ್ದ ಆಪರೇಟರ್‌ಗಳು ‘ಮುಂದುವರಿಸು’ ಎಂದು ಒತ್ತುತ್ತಿದ್ದರು. ಪರೀಕ್ಷಿಸುವಾಗ ನಿಧಾನವಾಗಿ ಟೈಪ್ ಮಾಡಿದವರಿಗೆ ಈ ದೋಷ ಸಿಗುವಂತೆಯೇ ಇರಲಿಲ್ಲ.

ಹೆಜ್ಜೆ 8: ಕೊನೆಯ ವರ್ಷದ ಪ್ರಾಜೆಕ್ಟ್

ಹೆಚ್ಚಿನವರು ತಂತ್ರಜ್ಞಾನದಿಂದ ಹೊರಡುತ್ತಾರೆ: ‘ಡ್ರೋನ್ ಇದೆ, ಆಸ್ಪತ್ರೆಯಲ್ಲಿ ಏನು ಮಾಡಬಹುದು?’ ಇದು ಗಾಡಿ ಕಟ್ಟಿ ಎತ್ತು ಹುಡುಕಿದ ಹಾಗೆ. ನಿಮ್ಮ ಆಸ್ಪತ್ರೆ ಟಿಪ್ಪಣಿಯಿಂದ ಹೊರಡಿ. ಯಾರಿಗೆ, ಯಾವ ಸಂದರ್ಭದಲ್ಲಿ, ಯಾವ ತೊಂದರೆ, ಅದು ಕಡಿಮೆಯಾಯಿತು ಎಂದು ಯಾವ ಅಳತೆಯಿಂದ ತಿಳಿಯುವುದು, ಎಲ್ಲ ಒಂದೇ ವಾಕ್ಯದಲ್ಲಿ ಬರಬೇಕು. ಆ ವಾಕ್ಯದಲ್ಲಿ ನಿಮ್ಮ ಪರಿಹಾರದ ಹೆಸರು ನುಸುಳಿದ್ದರೆ ಅಳಿಸಿ ಮತ್ತೆ ಬರೆಯಿರಿ.

ಆಮೇಲೆ ‘ಬೇಗ’, ‘ಹಗುರ’, ‘ನಿಖರ’ ಎಂಬ ಪದಗಳನ್ನೆಲ್ಲ ಅಂಕಿಗೆ ಇಳಿಸಿ: ಎಷ್ಟು ಸೆಕೆಂಡು, ಎಷ್ಟು ಗ್ರಾಂ, ಎಷ್ಟು ತಪ್ಪು ಸಹಿಸಬಹುದು. ಪ್ರತಿ ಅಂಕಿಯ ಪಕ್ಕ ಅದನ್ನು ಪರೀಕ್ಷಿಸುವ ಬಗೆ. ಹಾಳಾಗಬಹುದಾದದ್ದೆಲ್ಲ ಪಟ್ಟಿ ಮಾಡಿ, ಯಾವುದು ಎಷ್ಟು ಸಲ ಆಗಬಹುದು, ಆದರೆ ಎಷ್ಟು ಕೆಡುಕು ಎಂದು ತೂಗಿ. ಐಎಸ್‌ಒ 14971 ಮಾನದಂಡ ಹೇಳುವುದು ಮುಖ್ಯವಾಗಿ ಇದನ್ನೇ. ಸಾಫ್ಟ್‌ವೇರ್ ಇದ್ದರೆ ಐಇಸಿ 62304, ಮೈಗೆ ತಾಗುವ ವಸ್ತು ಇದ್ದರೆ ಐಎಸ್‌ಒ 10993, ಇವುಗಳ ಪರಿಚಯವಾದರೂ ಇರಲಿ. ಮನುಷ್ಯರ ಮೇಲೆ ಏನನ್ನೇ ಅಳೆಯುವುದಿದ್ದರೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆ ಅರ್ಜಿಯನ್ನು ಪ್ರಾಜೆಕ್ಟ್ ಶುರುವಾದ ಮೊದಲ ತಿಂಗಳಲ್ಲೇ ಹಾಕಿ. ಎಷ್ಟೋ ಒಳ್ಳೆಯ ಪ್ರಾಜೆಕ್ಟ್‌ಗಳು ಈ ಕಾಗದ ಬರುವುದನ್ನು ಕಾಯುತ್ತಾ ಮುಗಿದಿವೆ.

ದಿನಚರಿ ಪುಸ್ತಕ ಇಟ್ಟು, ತಾರೀಕು ಹಾಕಿ, ಕೆಟ್ಟುಹೋದದ್ದನ್ನೂ ಬರೆಯಿರಿ. ಎಂಜಿನಿಯರ್ ವಿಲ್ಸನ್ ಗ್ರೇಟ್‌ಬ್ಯಾಚ್ 1950ರ ದಶಕದಲ್ಲಿ ಹೃದಯದ ಶಬ್ದ ದಾಖಲಿಸುವ ಸರ್ಕ್ಯೂಟ್‌ಗೆ ತಪ್ಪು ರೆಸಿಸ್ಟರ್ ಹಾಕಿದಾಗ ಅದು ಬಿಟ್ಟು ಬಿಟ್ಟು ಮಿಡಿಯತೊಡಗಿತು. ಅದು ಹೃದಯದ ಲಯ ಎಂದು ಅವರಿಗೆ ಹೊಳೆಯಿತು, ದೇಹದೊಳಗೆ ಇಡುವ ಪೇಸ್‌ಮೇಕರ್‌ನ ದಾರಿ ಹಿಡಿದರು. ಫಿಸಿಯಾಲಜಿ ಗೊತ್ತಿಲ್ಲದವರಾಗಿದ್ದರೆ ರೆಸಿಸ್ಟರ್ ಬದಲಿಸಿ ಸುಮ್ಮನಾಗುತ್ತಿದ್ದರು.

ಹೆಜ್ಜೆ 9: ಕೆಲಸ ಹುಡುಕುವಾಗ

ಆಸ್ಪತ್ರೆಯ ಉಪಕರಣಗಳನ್ನು ಕೊಳ್ಳುವ, ಪರೀಕ್ಷಿಸುವ, ದುರಸ್ತಿ ಮಾಡಿಸುವ ಕ್ಲಿನಿಕಲ್ ಎಂಜಿನಿಯರಿಂಗ್, ಸಾಧನ ತಯಾರಿಸುವ ಕಂಪನಿಗಳಲ್ಲಿ ವಿನ್ಯಾಸ ಮತ್ತು ಪರೀಕ್ಷೆ, ಸಾಧನಕ್ಕೆ ಅನುಮತಿ ಪಡೆಯುವ ನಿಯಂತ್ರಣ ವಿಭಾಗ, ಸಂಶೋಧನೆ. ಇವೇ ಮುಖ್ಯ ಬಾಗಿಲುಗಳು. ನಿಯಂತ್ರಣ ವಿಭಾಗದ ಕೆಲಸವನ್ನು ಗುಮಾಸ್ತಿಕೆ ಎಂದು ವಿದ್ಯಾರ್ಥಿಗಳು ಮೂಗು ಮುರಿಯುತ್ತಾರೆ. ದೇಹ, ಸರ್ಕ್ಯೂಟ್, ಮಾನದಂಡ ಮೂರೂ ಬಲ್ಲವರಿಗೇ ಅಲ್ಲಿ ಬೆಲೆ. ‘ಅರ್ಧಂಬರ್ಧ’ ಎಂದು ಹಂಗಿಸಿಕೊಂಡ ನಮ್ಮ ಓದು ಅಲ್ಲಿ ಪೂರ್ತಿ ಬಳಕೆಗೆ ಬರುತ್ತದೆ.

ಸಂದರ್ಶನಕ್ಕೆ ಹೋಗುವಾಗ ಓದಿದ ಪೇಪರ್‌ಗಳ ಪಟ್ಟಿಯ ಜೊತೆ ಮೂರು ಕೆಲಸಗಳ ದಾಖಲೆ ಇರಲಿ: ಕಟ್ಟಿದ ಒಂದು ಸರ್ಕ್ಯೂಟ್ ಅಥವಾ ಯಂತ್ರಭಾಗ, ಬರೆದ ಒಂದು ಪ್ರೋಗ್ರಾಂ, ಅಪಾಯದ ಪಟ್ಟಿ ಸಮೇತ ಪ್ರಾಜೆಕ್ಟ್‌ನ ಕಡತ. ಏನು ಕೆಟ್ಟಿತು, ಹೇಗೆ ಗೊತ್ತಾಯಿತು, ಏನು ಬದಲಿಸಿದಿರಿ ಎಂದು ಪ್ರತಿಯೊಂದರ ಬಗ್ಗೆಯೂ ಹೇಳಲು ಬರಬೇಕು. ನನ್ನನ್ನು ಮೊದಲ ಕೆಲಸಕ್ಕೆ ತೆಗೆದುಕೊಂಡವರು ಅರ್ಧ ಗಂಟೆ ಕೇಳಿದ್ದು ಆ 1 ಹರ್ಟ್ಜ್ ಫಿಲ್ಟರ್ ಬಗ್ಗೆಯೇ.